ಸಾಲುಧೂಪದ ಸಸಿಗೆ ಯಾವ ಮಣ್ಣು?

ಪ್ರಶ್ನೆ: ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದ ಕಡೆ ಕಾಫಿ ನಡುವೆ ಬೀಟೆ, ಸಾಲುಧೂಪದ ಸಸಿ ನೆಡಿಸಿದೆ. ಬೀಟೆ ಪರವಾಗಿಲ್ಲ, ಧೂಪ ನೆಟ್ಟಷ್ಟೇ ಎತ್ತರದಲ್ಲಿದೆ. ಗೊಬ್ಬರಕ್ಕೂ ಜಗ್ಗಲಿಲ್ಲ. ದೇವರಕಾಡಿನ ಮಣ್ಣು ಒಂದು ಬುಟ್ಟಿ ತಂದು ಹಾಕು ಅಂತಾರೆ ನಮ್ಮ ಮಾವ. ಇದರಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಹುರುಳಿದೆ. ಸಾಲುಧೂಪದ ಬೇರಿಗೆ ಬೇಕಾದ ಶಿಲೀಂಧ್ರ ಹಳೇ ಧೂಪದ ಬುಡದ ಮಣ್ಣಿನಲ್ಲಿರುತ್ತದೆ. ಆದರೆ ಬುಟ್ಟಿ ಹಿಡಿದು ದೇವರಕಾಡಿಗೆ ಹೋಗಬೇಡಿ. ಅಲ್ಲಿಂದ ಕಡ್ಡಿಯೂ ಆಚೆ ಬರಬಾರದೆಂಬ ಕಟ್ಟುಪಾಡು ಇದ್ದದ್ದಕ್ಕೇ ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ಇಷ್ಟಾದರೂ ಉಳಿದಿವೆ.

ಮರಗಳು ನೆಲದಡಿ ಪಿಸುಗುಟ್ಟುತ್ತವೆ ಎಂಬ ವಾಟ್ಸಾಪ್ ಕಥೆಗಳನ್ನು ಪಕ್ಕಕ್ಕಿಡಿ. ಇಲ್ಲಿರುವುದು ಕೊಡುಕೊಳ್ಳುವ ವ್ಯವಹಾರ. ನಮ್ಮ ಕೆಂಪು ಹುಳಿಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬೇರು ತಲುಪದ ಸಂದಿಗೆ ಶಿಲೀಂಧ್ರದ ಎಳೆಗಳು ನುಗ್ಗಿ ಅದನ್ನು ತಂದುಕೊಡುತ್ತವೆ, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಜರ್ಮನಿಯ ಆಲ್ಬರ್ಟ್ ಫ್ರಾಂಕ್ 1885ರಲ್ಲಿ ಇದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟ. ಅವನು ಹೊರಟಿದ್ದು ಟ್ರಫಲ್ ಅಣಬೆ ಬೆಳೆಸುವ ದಾರಿ ಹುಡುಕಲು!

ಬೀಟೆ ಬಂತು, ಧೂಪ ಯಾಕಿಲ್ಲ? ಬೀಟೆಗೂ ಕಾಫಿಗೂ ಒಂದೇ ಬಗೆಯ ಶಿಲೀಂಧ್ರ ಆಗುತ್ತದೆ, ಅದು ನಿಮ್ಮ ತೋಟದಲ್ಲಿ ಮೊದಲೇ ಇದೆ. ಜೊತೆಗೆ ಬೀಟೆಯ ಬೇರುಗಂಟಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಬೇರೆ. ಒಂದು ಗಂಟು ಸೀಳಿ ನೋಡಿ, ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ. ಸಾಲುಧೂಪಕ್ಕೆ ಬೇಕಾದದ್ದು ಬೇರಿನ ಹೊರಗೆ ಕವಚ ಕಟ್ಟುವ ಇನ್ನೊಂದು ಬಗೆ. ಅದು ಕಾಫಿ ಬೇರಲ್ಲಿ ಬಾಳುವುದಿಲ್ಲ. ಸಿಲ್ವರ್ ಓಕಿನ ಬೇರಂತೂ ಸಾಮಾನ್ಯವಾಗಿ ಯಾವ ಮೈಕೊರೈಜಾವನ್ನೂ ಹತ್ತಿರ ಸೇರಿಸದು. (ನಿಮ್ಮದು ಕರಿಧೂಪವಾದರೆ ಈ ಮಾತು ಬಿಡಿ, ಅದರ ಕುಲವೇ ಬೇರೆ.)

ಮೊದಲು ನೆರಳು ನೋಡಿ. ಎಳೆ ಧೂಪ ನೇರ ಬಿಸಿಲು ತಾಳದು. ಮರ ಕಡಿಸಿದ ಜಾಗ ಬಯಲಾಗಿದ್ದರೆ ಮಣ್ಣಿನ ಮಾತು ಆಮೇಲೆ. ನೆರಳಿದ್ದೂ ಬೆಳೆಯದಿದ್ದರೆ, ನಿಮ್ಮ ಅಥವಾ ನೆರೆಯವರ ತೋಟದ ಹಳೇ ಸಾಲುಧೂಪದ ಬುಡದಲ್ಲಿ ತರಗೆಲೆ ಸರಿಸಿ, ಸಣ್ಣ ಬೇರು ಸಮೇತ ಎರಡು ಹಿಡಿ ಮೇಲ್ಮಣ್ಣು ತಂದು ಸಸಿಯ ಬೇರಿಗೆ ತಾಗುವಂತೆ ಹಾಕಿ. ಮೆಣಸಿನ ಬಳ್ಳಿ ಸೊರಗಿದ ಕಡೆಯ ಮಣ್ಣು ಬೇಡವೇ ಬೇಡ, ರೋಗವೂ ಜೊತೆಗೇ ಬರುತ್ತದೆ. ರಂಜಕದ ಗೊಬ್ಬರ ನಿಲ್ಲಿಸಿ. ಪುಕ್ಕಟೆ ಸಿಕ್ಕರೆ ಸಸಿ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ಬೋರ್ಡೋ (ಮೈಲುತುತ್ತು, ಸುಣ್ಣದ ಶಿಲೀಂಧ್ರನಾಶಕ) ಸಿಂಪಡಿಸುವಾಗ ಸಸಿಯ ಬುಡಕ್ಕೆ ಸುರಿಯದಂತೆ ಕೆಲಸದವರಿಗೆ ಹೇಳಿ, ಅದರ ತಾಮ್ರ ಮಣ್ಣಲ್ಲೇ ಉಳಿಯುತ್ತದೆ.

ಇನ್ನೂ ಸಸಿ ಬೇಕಿದ್ದರೆ ನರ್ಸರಿಯಿಂದ ತರುವ ಬದಲು, ಮಳೆ ಹಿಡಿಯುವಾಗ ಉದುರಿದ ಬೀಜವನ್ನು ಅಂದೇ ಹಳೇ ಧೂಪದ ಬುಡದ ಮಣ್ಣಿನಲ್ಲಿ ಊರಿ. ಧೂಪದ ಬೀಜ ಒಣಗಿದರೆ ಹುಟ್ಟುವುದಿಲ್ಲ.