ಕವಣೆಯ ರಬ್ಬರ್ ಬೇಗ ಹರಿಯುತ್ತೆ ಅಂದಿದ್ದಕ್ಕೆ

ಸರ್, ಹೊಲದಲ್ಲಿ ಡಬ್ಬಿಗೆ ಗುರಿ ಹೊಡೆಯಲು ಸಣ್ಣ ಸ್ಟೀಲ್ ಕವಣೆ ಸಾಕಾ, ರಬ್ಬರ್ ಯಾಕೆ ಬೇಗ ಹರಿಯುತ್ತೆ ಅಂತ ಕೇಳಿದ್ದೀರಿ.

ಸಣ್ಣದು ಸಾಕು. ಹಿಡಿ ಅಂಗೈಯಲ್ಲಿ ಗಟ್ಟಿಯಾಗಿ ಕೂತರೆ ಆಯ್ತು. ಹೊಳಪು ನೋಡಿ ಮರುಳಾಗಬೇಡಿ, ರಬ್ಬರ್ ಕಟ್ಟುವ ಜಾಗದಲ್ಲಿ ಚೂಪು ಅಂಚು ಇದೆಯಾ ಅಂತ ಬೆರಳಾಡಿಸಿ ನೋಡಿ. ನನ್ನದು ಅಲ್ಲೇ ಹರಿಯುತ್ತಿತ್ತು. ಅರದಿಂದ ಉಜ್ಜಿದ ಮೇಲೆ ತೊಂದರೆ ಇಲ್ಲ. ಇನ್ನೊಂದು ಶತ್ರು ನಮ್ಮ ಬಾಗಲಕೋಟೆ ಬಿಸಿಲು. ಬೈಕಿನ ಡಿಕ್ಕಿಯಲ್ಲಿ ಬಿಟ್ಟರೆ ಲೇಟೆಕ್ಸ್ ಪಟ್ಟಿ ಸುಮ್ನೆ ಹಾಳು. ಮನೆಯೊಳಗೆ ಕತ್ತಲಲ್ಲಿಡಿ. ಎಳೆಯುವ ಮುಂಚೆ ಸೀಳು ಕಂಡರೆ ಬದಲಿಸಿ, ಹರಿದದ್ದು ನೇರ ಮುಖಕ್ಕೇ ಬರುತ್ತೆ. ಕನ್ನಡಕ ಹಾಕಲೇಬೇಕು.

ಗುಂಡಿಗೆ 8 ಮಿಲಿಮೀಟರ್ ಸ್ಟೀಲ್ ಬಾಲ್ ಚೆನ್ನಾಗಿರುತ್ತೆ, ಒಂದೊಂದು ಸುಮಾರು 2 ಗ್ರಾಂ. ಹರಳು ಕಲ್ಲು ಬೇಡ, ಒಂದೊಂದು ಒಂದೊಂದು ಕಡೆ ಹೋಗುತ್ತೆ. ಎರೆ ಮಣ್ಣಿನ ಗುಂಡು ಮಾಡಿ ಒಣಗಿಸಿದರೂ ನಡೆಯುತ್ತೆ, ಖರ್ಚಿಲ್ಲ.

ಡಬ್ಬಿ ಹಿಂದೆ ಹಳೇ ಕೌದಿಯೊಂದನ್ನು ಸಡಿಲವಾಗಿ ನೇತುಹಾಕಿ. ಗುಂಡು ಅದಕ್ಕೆ ಬಡಿದು ಕೆಳಗೇ ಬೀಳುತ್ತೆ, ಆರಿಸಿಕೊಳ್ಳಬಹುದು. ಬಂಡೆ ಕಡೆಗೆ ಮಾತ್ರ ಹೊಡೆಯಬೇಡಿ, ತಿರುಗಿ ಬರುತ್ತೆ. ಮೊದಲು 5 ಮೀಟರ್ ದೂರದಿಂದ, ಪ್ರತಿ ಸಲ ಕೆನ್ನೆಯ ಒಂದೇ ಜಾಗಕ್ಕೆ ಎಳೆದು ಬಿಡಿ. ಅಂದಹಾಗೆ, ನವಿಲು, ಬೆಳವಕ್ಕಿ ಕಡೆ ತಿರುಗಿಸಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ.