ಆಹಾರ ಪ್ರಶ್ನೋತ್ತರ: ಕುಚ್ಚಲಕ್ಕಿ ಬಿಡದೆ ಡಯಟ್ ಆಗುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ. ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) 6.1 ಬಂದಿದೆ, ಮಾತ್ರೆ ಇನ್ನೂ ಶುರುವಾಗಿಲ್ಲ. ಒಂದು ತಿಂಗಳು ಅನ್ನ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಕೀಟೊ ಡಯಟ್ ಮಾಡಿ 3 ಕೆ.ಜಿ. ಇಳಿದೆ, ಬಿಟ್ಟ ಹತ್ತೇ ದಿನಕ್ಕೆ 2 ಕೆ.ಜಿ. ವಾಪಸ್ ಬಂತು. ಈಗ ಬೆಳಿಗ್ಗೆ ತುಪ್ಪ ಹಾಕಿದ ಕಾಫಿ, ಮಧ್ಯಾಹ್ನದ ತನಕ ಉಪವಾಸ, ಆಮೇಲೆ ಎಂದಿನಂತೆ ಕುಚ್ಚಲಕ್ಕಿ ಅನ್ನ ಮತ್ತು ಮೀನು. ಸಂಜೆ ಹಸಿವು ತಡೆಯಲಾಗದೆ ಬನ್ಸೋ ಗೋಳಿಬಜೆಯೋ ಆಗುತ್ತದೆ. ಮೆಡಿಟರೇನಿಯನ್ ಡಯಟ್ ಒಳ್ಳೆಯದು ಎನ್ನುವವರೂ ಇದ್ದಾರೆ. ಎಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಬಹುದೇ?
– ಓದುಗರು, ಸುರತ್ಕಲ್

ಉತ್ತರ: ಖಂಡಿತ ತೆಗೆದುಕೊಳ್ಳಬಹುದು. ಆದರೆ ಈಗ ನೀವು ಮಾಡಿಕೊಂಡಿರುವ ಜೋಡಿ ಸರಿಯಾಗಿಲ್ಲ. ಕೀಟೊದಲ್ಲಿ ಅಷ್ಟು ಕೊಬ್ಬು ತಿನ್ನಬಹುದು ಎನ್ನುವುದು, ದಿನದ ಪಿಷ್ಟ (ಕಾರ್ಬೋಹೈಡ್ರೇಟ್) 20ರಿಂದ 50 ಗ್ರಾಂಗೆ ಇಳಿದಿರುತ್ತದೆ ಎಂಬ ಕಾರಣಕ್ಕೆ. ಅನ್ನ ಹಾಗೆಯೇ ಇಟ್ಟುಕೊಂಡು ಮೇಲಿಂದ ತುಪ್ಪ ಸೇರಿಸಿದರೆ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ ಹೆಚ್ಚುತ್ತದೆ, ಅಷ್ಟೇ. ಇನ್ನು ವಾಪಸ್ ಬಂದ 2 ಕೆ.ಜಿ. ಬಗ್ಗೆ ಬೇಸರ ಬೇಡ, ಅದರಲ್ಲಿ ಬಹುಪಾಲು ನೀರು. ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ಸಕ್ಕರೆ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ. ಪಿಷ್ಟ ನಿಂತರೆ ಎರಡೂ ಇಳಿಯುತ್ತವೆ, ಅನ್ನ ಉಂಡರೆ ಎರಡೂ ಮರಳುತ್ತವೆ.

ಈ ಡಯಟ್‌ಗಳೆಲ್ಲ ಬೇರೆ ಬೇರೆ ತೊಂದರೆಗೆ ಹುಟ್ಟಿದವು. ಕೀಟೊ 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೂರ್ಛೆರೋಗಕ್ಕೆಂದು ಬಂತು. ಡ್ಯಾಶ್ ಡಯಟ್ ರಕ್ತದೊತ್ತಡಕ್ಕೆ, ಅದರ ಅಧ್ಯಯನ ಪ್ರಕಟವಾದದ್ದು 1997ರಲ್ಲಿ. ಮೆಡಿಟರೇನಿಯನ್ ಊಟದ ಮಾತು ಶುರುವಾದದ್ದು ಹೃದಯದ ಕಾಯಿಲೆಯ ಕಾರಣ ಹುಡುಕುತ್ತಾ. ಹಾಗಾಗಿ ಮೊದಲು ನಿಮ್ಮ ತೊಂದರೆ ಯಾವುದು ನೋಡಿ: ಸಕ್ಕರೆ ಗಡಿಯಲ್ಲಿದೆ, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 29 (ನಮ್ಮವರಿಗೆ 23 ದಾಟಿದರೇ ಹೆಚ್ಚು). ಸೊಂಟದ ಅಳತೆಯನ್ನೂ ಬರೆದಿಡಿ, ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು. ಇಷ್ಟಕ್ಕೆ ಬೇಕಾದದ್ದು ಕೀಟೊದಿಂದ ಪಿಷ್ಟ ಇಳಿಸುವ ಬುದ್ಧಿ, ಉಪವಾಸದಿಂದ ರಾತ್ರಿಯ ಅಂತರ, ಮೆಡಿಟರೇನಿಯನ್‌ನಿಂದ ಮೀನು, ಕಾಳು, ತರಕಾರಿಯ ಪ್ರಮಾಣ. ಆಲಿವ್ ಎಣ್ಣೆ ತರಬೇಕಾಗಿಲ್ಲ.

ಅನ್ನದಿಂದ ಶುರು ಮಾಡಿ. "ಸ್ವಲ್ಪ ಕಡಿಮೆ" ಎಂಬ ಅಳತೆಗೆ ಅರ್ಥವಿಲ್ಲ, ತಕ್ಕಡಿ ಬೇಕು. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯುವ ಅನ್ನವನ್ನು ಅಳೆಯುವುದು ಹೀಗೆ: ಅಕ್ಕಿ ತೊಳೆಯುವ ಮೊದಲೇ ತೂಗಿ, 300 ಗ್ರಾಂ ಎಂದಿಟ್ಟುಕೊಳ್ಳೋಣ. ಬೆಂದ ಮೇಲೆ ಗಂಜಿ ಬಸಿದು, ಹತ್ತು ನಿಮಿಷ ಬಿಟ್ಟು ಅನ್ನವನ್ನಷ್ಟೇ ತೂಗಿ. 900 ಗ್ರಾಂ ಬಂದರೆ ನಿಮ್ಮ ಮನೆಯ ಲೆಕ್ಕ ಒಂದಕ್ಕೆ ಮೂರು. ನಿಮಗೆ ಹೊತ್ತಿಗೆ 60 ಗ್ರಾಂ ಅಕ್ಕಿ ಎಂದರೆ ಬಸಿದ ಅನ್ನ 180 ಗ್ರಾಂ, ಅದರಲ್ಲಿ ಪಿಷ್ಟ ಸುಮಾರು 46 ಗ್ರಾಂ. ಈ ಲೆಕ್ಕ ಒಂದೇ ಬಾರಿ ಮಾಡಿದರೆ ಸಾಲದು. ಅಕ್ಕಿ ಬದಲಾದರೆ, ಇನ್ನೂ ಮೆತ್ತಗೆ ಬೇಯಿಸಿದರೆ ನೀರು ಹೆಚ್ಚು ಕುಡಿದು ತೂಕ ಏರುತ್ತದೆ. ಗಂಜಿಯನ್ನು ನೀರಿನೊಂದಿಗೆ ತೂಗಿ ಮೋಸ ಹೋಗುವವರೇ ಹೆಚ್ಚು.

ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆಗೆ (ಬಿಳಿ ಅಕ್ಕಿಗೆ) ಹೋಗಬೇಡಿ. ಭತ್ತವನ್ನು ಕುಚ್ಚುವಾಗ ಹೊರಪದರದ ಥಯಾಮಿನ್ (ಬಿ1 ವಿಟಮಿನ್) ಕಾಳಿನ ಒಳಗೆ ಸೇರುತ್ತದೆ, ಪಾಲಿಷ್ ಆದ ಬೆಳ್ತಿಗೆಯಲ್ಲಿ ಅದು ಹೋಗಿರುತ್ತದೆ. ಹಾಗೆಂದು ಕುಚ್ಚಲಕ್ಕಿಯಲ್ಲಿ ಪಿಷ್ಟವೇನೂ ಕಡಿಮೆಯಲ್ಲ. "ಕೆಂಪಕ್ಕಿ ಎಷ್ಟು ಉಂಡರೂ ಆಗುತ್ತದೆ" ಎಂಬ ನಂಬಿಕೆ ಇಲ್ಲಿ ಹಲವರ ಸಕ್ಕರೆ ಏರಿಸಿದೆ.

ಅನ್ನ ಇಳಿಸಿದ ಜಾಗಕ್ಕೆ ಏನಾದರೂ ಬರಲೇಬೇಕು, ಇಲ್ಲದಿದ್ದರೆ ಸಂಜೆಯ ಬನ್ಸ್ ತಪ್ಪದು. ನಿಮಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಗುರಿ ಇರಲಿ. ಮಧ್ಯಮ ಗಾತ್ರದ ಎರಡು ಬಂಗುಡೆಯಿಂದ ಹೆಚ್ಚುಕಡಿಮೆ 25 ಗ್ರಾಂ, ಎರಡು ಮೊಟ್ಟೆಯಿಂದ 12, ಒಂದು ಲೋಟ ಮೊಸರಿನಿಂದ 6, 40 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಿಂದ 9, ಉಳಿದದ್ದು ಅನ್ನದಿಂದಲೇ. ಬೂತಾಯಿ ಮೀನು ಸಿಕ್ಕಿದರೆ ಇನ್ನೂ ಒಳ್ಳೆಯದು, ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಅದರಲ್ಲಿ ಧಾರಾಳ. ರವೆ ಅಂಟಿಸಿ ಕಾವಲಿಯಲ್ಲಿ ಕರಿದರೆ ರವೆ ಎಣ್ಣೆ ಹೀರುತ್ತದೆ. ವಾರದ ಹೆಚ್ಚಿನ ದಿನ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಮಾಡಿ. ಜೂನ್, ಜುಲೈಯಲ್ಲಿ ಬೋಟು ಕಡಲಿಗಿಳಿಯದೆ ಮೀನು ದುಬಾರಿಯಾದಾಗ ಒಣಮೀನಿಗೆ ಹೋಗದೆ ಮೊಟ್ಟೆ, ಹುರುಳಿ ಸಾರು ಹೆಚ್ಚಿಸಿ.

ತೆಂಗಿನಕಾಯಿಯನ್ನು ವಿಷವೆನ್ನುವವರೂ ಅಮೃತವೆನ್ನುವವರೂ ಇದ್ದಾರೆ. ಅದರ ಕೊಬ್ಬು ಬಹುತೇಕ ಸ್ಯಾಚುರೇಟೆಡ್ (ಹೆಚ್ಚಾದರೆ ಕೊಲೆಸ್ಟರಾಲ್ ಏರಿಸುವ ಬಗೆ), ಇದು ನಿಜ. ತುರಿಯಲ್ಲಿ ನಾರೂ ಇದೆ. ನಾಲ್ವರ ಮನೆಗೆ ದಿನಕ್ಕೆ ಅರ್ಧ ಕಾಯಿ ಸಾಕು. ಒಬ್ಬರಿಗೆ 30 ಗ್ರಾಂ ತುರಿ, ಅಂದರೆ 10 ಗ್ರಾಂ ಕೊಬ್ಬು. ಆ ಮೇಲೆ ಅಡುಗೆ ಎಣ್ಣೆ ತಲೆಗೆ 3 ಚಿಕ್ಕ ಚಮಚ ಮೀರದಿರಲಿ, ಅದೂ ಶೇಂಗಾ ಅಥವಾ ಎಳ್ಳೆಣ್ಣೆ. ಕಾಯಿ ಅರೆದ ಗಸಿಗೆ ಮತ್ತೆ ತೆಂಗಿನೆಣ್ಣೆಯ ಒಗ್ಗರಣೆ ಬೇಡ.

16 ಗಂಟೆಯ ಉಪವಾಸದ ಹಟ ನಿಮಗೆ ಬೇಕಿಲ್ಲ. ರಾತ್ರಿ 8ಕ್ಕೆ ಊಟ ಮುಗಿಸಿ, ಬೆಳಿಗ್ಗೆ 8ಕ್ಕೆ ಎರಡು ಮೊಟ್ಟೆ ಅಥವಾ ಕಾಳಿನ ಉಸ್ಲಿ ಜೊತೆ ಎರಡೇ ನೀರುದೋಸೆ ತಿನ್ನಿ. ಹಾಲು ಸಕ್ಕರೆ ಹಾಕಿದ ಚಹಾ ಕುಡಿದರೆ ಅಲ್ಲಿಗೆ ಉಪವಾಸ ಮುಗಿದಂತೆ.

ಈ ಬದಲಾವಣೆಗಳನ್ನೆಲ್ಲ ಒಂದೇ ದಿನ ಮಾಡಬೇಡಿ. ಮೊದಲ ಎರಡು ವಾರ ಅನ್ನದ ತೂಕ, ಮುಂದಿನ ಎರಡು ವಾರ ಪ್ರೋಟೀನ್, ಆಮೇಲೆ ರಾತ್ರಿಯ ಹೊತ್ತು. ವಾರದಲ್ಲಿ ಎರಡು ದಿನ ಮಧ್ಯಾಹ್ನದ ಊಟದ ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಗ್ಲುಕೊಮೀಟರ್‌ನಲ್ಲಿ ನೋಡಿ ಬರೆದಿಡಿ. 140ರ ಒಳಗಿದ್ದರೆ ಆ ಊಟ ನಿಮಗೆ ಆಗುತ್ತದೆ. ಮೀರಿದರೆ ಅದೇ ಊಟವನ್ನು ಮತ್ತೊಂದು ದಿನ ಪಲ್ಯ, ಮೀನು ಮೊದಲು, ಅನ್ನ ಕೊನೆಗೆ ಎಂಬ ಕ್ರಮದಲ್ಲಿ ಉಂಡು, 15 ನಿಮಿಷ ನಡೆದು ಪರೀಕ್ಷಿಸಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಸಂಖ್ಯೆ ಇಳಿಯುತ್ತದೆ. ಎಚ್‌ಬಿಎ1ಸಿ ಮೂರು ತಿಂಗಳಿಗೆ ಮೊದಲು ಮಾಡಿಸಿ ಪ್ರಯೋಜನವಿಲ್ಲ.

ಪ್ರಶ್ನೆ: 58 ವರ್ಷ, ಸಸ್ಯಾಹಾರಿ. ಸಕ್ಕರೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಇದೆ. ಮನೆಯಲ್ಲಿ ತಿಂಗಳಿಗೊಂದು ಬಗೆಯ ಆಹಾರ ಬಿಡುವ ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತ ಪಾಲಿಸುತ್ತೇವೆ, ಏಕಾದಶಿಯೂ ಇದೆ. ಅನ್ನ ಕಡಿಮೆ ಮಾಡಿ ಪ್ರೋಟೀನ್ ಹೆಚ್ಚಿಸಿ ಎಂದಿದ್ದಾರೆ. ಬೇಳೆಕಾಳು ಬಿಡುವ ದ್ವಿದಳ ವ್ರತದ ತಿಂಗಳಲ್ಲಿ ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ನಾಲ್ಕು ತಿಂಗಳಿಗೆ ನಾಲ್ಕು ಪಟ್ಟಿ ಬೇಕು, ತಾಯಿ. ಶಾಕ ವ್ರತದಲ್ಲಿ ತರಕಾರಿ ಇಲ್ಲ, ನಾರು ಕಡಿಮೆಯಾಗಿ ಹೊಟ್ಟೆ ಕಟ್ಟುತ್ತದೆ. ಸಿಪ್ಪೆ ಸಹಿತ ಹೆಸರುಕಾಳು ದಿನಕ್ಕೆ 40 ಗ್ರಾಂ ಬಳಸಿ. ಮೊಸರು ಬಿಡುವ ತಿಂಗಳಲ್ಲಿ ಹಾಲು, ಹಾಲು ಬಿಡುವ ತಿಂಗಳಲ್ಲಿ ಮೊಸರು ಕೈ ಹಿಡಿಯುತ್ತದೆ. ಕಷ್ಟದ್ದು ನಾಲ್ಕನೆಯ ದ್ವಿದಳ ವ್ರತವೇ. ಬೇಳೆಯ ಜೊತೆ ಉದ್ದೂ ಹೋಗುವುದರಿಂದ ಇಡ್ಲಿ, ದೋಸೆ ನಿಂತು ತಿಂಡಿಯೆಲ್ಲ ಅವಲಕ್ಕಿ, ರವೆ, ಅಕ್ಕಿಗೆ ತಿರುಗುತ್ತದೆ. ಊಟ ಅದೇ ಪ್ರಮಾಣದಲ್ಲಿದ್ದರೂ ಸಕ್ಕರೆ ಏರುವುದು ಇದರಿಂದಲೇ. ಆ ತಿಂಗಳು ಹಾಲು ಮೊಸರು ಸೇರಿ ದಿನಕ್ಕೆ 600 ಮಿ.ಲೀ. ತೆಗೆದುಕೊಳ್ಳಿ, ಸುಮಾರು 20 ಗ್ರಾಂ ಪ್ರೋಟೀನ್ ಬರುತ್ತದೆ. ನಿಮ್ಮಲ್ಲಿ ಒಡೆದ ಹಾಲು ಬಳಸುವ ಕ್ರಮವಿದ್ದರೆ 50 ಗ್ರಾಂ ಪನೀರ್ ಇನ್ನೂ 9 ಕೊಡುತ್ತದೆ. ಅವಲಕ್ಕಿಯನ್ನು ಒಂದು ಹಿಡಿಗೆ ಇಳಿಸಿ ಮೊಸರು ಹೆಚ್ಚಿಸಿ.

ಏಕಾದಶಿಯ ಮಾತು ಗಂಭೀರ. ಗ್ಲಿಮೆಪಿರೈಡ್ ನೀವು ಉಂಡರೂ ಉಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಆ ದಿನ ಮಾತ್ರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ, ನೀವೇ ಬಿಡಬೇಡಿ. ಕೈ ನಡುಗಿ ಬೆವರಿದರೆ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಪರೀಕ್ಷಿಸಲು ಆಗದಿದ್ದರೂ ಕುಡಿಯಿರಿ. ಆಗ ವ್ರತ ಮುರಿಯುತ್ತದೆಂದು ಕಾಯುತ್ತ ಕೂರಬೇಡಿ. ದ್ವಾದಶಿ ಪಾರಣೆಗೆ ಪಾಯಸದಿಂದ ಶುರು ಮಾಡದೆ ಪಲ್ಯ, ಮಜ್ಜಿಗೆ ಮೊದಲು ಬರಲಿ.

ಪ್ರಶ್ನೆ: ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೀಟೊ ಶುರು ಮಾಡಬಹುದೇ?
– ಓದುಗರು, ಬಂಟ್ವಾಳ

ಉತ್ತರ: ಬೇಡ. ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಪಿಷ್ಟವೂ ನಿಂತರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಏರಿ ರಕ್ತ ಆಮ್ಲವಾಗಬಹುದು. ಆಗ ಗ್ಲುಕೊಮೀಟರ್ ತೀರಾ ಹೆಚ್ಚು ತೋರಿಸದೆ ಇರಬಹುದು, ಅಪಾಯ ಇರುವುದೇ ಅಲ್ಲಿ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ.

ಪ್ರಶ್ನೆ: ಬಿ.ಪಿ.ಗೆ ಟೆಲ್ಮಿಸಾರ್ಟನ್ ಇದೆ. ಡ್ಯಾಶ್ ಡಯಟ್‌ನಲ್ಲಿ ಪೊಟ್ಯಾಸಿಯಂ ಹೆಚ್ಚಿರಬೇಕಂತೆ, ದಿನಾ ಎರಡು ಬೊಂಡ (ಎಳನೀರು) ಕುಡಿಯುತ್ತೇನೆ. ಸರಿಯೇ?
– ಓದುಗರು, ಮಲ್ಪೆ

ಉತ್ತರ: ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವುದು), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಟೆಲ್ಮಿಸಾರ್ಟನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಮೂತ್ರಪಿಂಡ ಸೋತಿದ್ದರೆ ಎರಡು ಬೊಂಡ ಹೃದಯದ ಬಡಿತಕ್ಕೇ ತೊಂದರೆ. "ಲೋ ಸೋಡಿಯಂ" ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದನ್ನೂ ಕೇಳದೆ ಬಳಸಬೇಡಿ.

ಡ್ಯಾಶ್‌ನಿಂದ ನೀವು ತೆಗೆದುಕೊಳ್ಳಬೇಕಾದದ್ದು ಉಪ್ಪಿನ ಮಿತಿ: ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ, ಮಟ್ಟ ಮಾಡಿದ್ದು. ಕರಾವಳಿಯಲ್ಲಿ ಅದು ಮೀರುವುದು ಸಾರಿನಿಂದಲ್ಲ, ಬದಿಯಲ್ಲಿ ಬಡಿಸಿದ್ದರಿಂದ: ಒಣಮೀನು, ಹಪ್ಪಳ, ಉಪ್ಪಿನಕಾಯಿ, ಉಪ್ಪುನೀರಿನ ಮಾವಿನಕಾಯಿ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ರಾತ್ರಿಯಿಡೀ ನೆನೆಸಿ, ಮೂರು ಬಾರಿ ನೀರು ಬದಲಿಸಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕದೆ ರುಚಿ ನೋಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ, ಹಾಲು ಮೊಸರೂ ಬಿಟ್ಟು ವೀಗನ್ ಆಗಿ ಆರು ತಿಂಗಳಾಯಿತು. ಬೇರೆ ಏನಾದರೂ ಬೇಕೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಬಿ12 ಮಾತ್ರೆ ಬೇಕೇ ಬೇಕು, ಸೊಪ್ಪು ಕಾಳುಗಳಿಂದ ಅದು ಸಿಗುವುದಿಲ್ಲ. ದಿನಕ್ಕೆ 50 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2000. ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಅದಕ್ಕೆ ಮೊದಲು ಫೋಲಿಕ್ ಆಸಿಡ್ ಮಾತ್ರೆ ಬೇಡ; ರಕ್ತಹೀನತೆ ಮರೆಯಾಗಿ ನರಕ್ಕೆ ಆಗುವ ಹಾನಿ ಗೊತ್ತಾಗದೆ ಉಳಿಯಬಹುದು. ಹುರುಳಿ, ಬಸಳೆಯ ಊಟಕ್ಕೆ ನಿಂಬೆರಸ ಹಿಂಡಿ. ಚಹಾ ಕಾಫಿಗೆ ಒಂದು ಗಂಟೆ ಅಂತರ ಇರಲಿ, ಆಗ ಕಬ್ಬಿಣಾಂಶ ಮೈಗೆ ಹಿಡಿಯುತ್ತದೆ. ಸೋಯಾ ಹಾಲು ತರುವಾಗ ಕ್ಯಾಲ್ಸಿಯಂ ಸೇರಿಸಿದ್ದೇ ಎಂದು ಪೊಟ್ಟಣದಲ್ಲಿ ನೋಡಿ, ಕುಡಿಯುವ ಮೊದಲು ಚೆನ್ನಾಗಿ ಕುಲುಕಿ. ಕ್ಯಾಲ್ಸಿಯಂ ತಳಕ್ಕೆ ಕೂತಿರುತ್ತದೆ.