ಚರಂಡಿ ನೀರು ನೋಡಿ ಊರಲ್ಲಿ ಯಾವ ತಳಿಯ ವೈರಸ್ ಇದೆ ಅಂತ ಹೇಳಬಹುದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ದಾವಣಗೆರೆಯಂಥ ಊರಿನಲ್ಲಿ ಯುಜಿಡಿ (ಒಳಚರಂಡಿ) ನೀರು ಪರೀಕ್ಷೆ ಮಾಡಿ ಕೊರೊನಾದ ಯಾವ ತಳಿ ಓಡಾಡುತ್ತಿದೆ ಅಂತ ಹೇಳಬಹುದಾ? ಹಾಗಾದರೆ ಯಾರ ಮನೆಯಲ್ಲಿ ಯಾರಿಗೆ ಬಂದಿದೆ ಅನ್ನುವುದೂ ಗೊತ್ತಾಗಿಬಿಡುತ್ತಾ? ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಇಲ್ಲ, ಆದರೆ ಅಲ್ಲೊಂದು ಕಥೆ ಇದೆ. ಆಮೇಲೆ ಹೇಳುತ್ತೇನೆ.

ನಾನು ದಾವಣಗೆರೆಯ ನಿಟ್ಟುವಳ್ಳಿ ಕಡೆಯವನು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ಎಸ್‌ಟಿಪಿಗಳಿಂದ (ಚರಂಡಿ ನೀರು ಶುದ್ಧ ಮಾಡುವ ಘಟಕಗಳಿಂದ) ಬರುವ ಸ್ಯಾಂಪಲ್ ನೋಡುವ ಕೆಲಸ ಮಾಡಿದೆ. ಈಗ ಊರಿಗೆ ಬಂದು ರಕ್ತ, ಮೂತ್ರ ಪರೀಕ್ಷೆ ಮಾಡಿಕೊಂಡಿದ್ದೇನೆ. ಅಮ್ಮನ ಲೆಕ್ಕದಲ್ಲಿ ಇದು ಬಡ್ತಿ.

ಕೊರೊನಾ ಬಂದ ಸಾಕಷ್ಟು ಜನರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ) ಚೂರುಗಳು ಹೋಗುತ್ತವೆ. ಜೀವ ಇರುವ ವೈರಸ್ ಅಲ್ಲ, ಬಹುಪಾಲು ಮುರಿದ ಚೂರು. ಈಗ ಜ್ವರ ಬಂದರೆ ಯಾರು ಟೆಸ್ಟ್ ಮಾಡಿಸುತ್ತಾರೆ ಹೇಳಿ? ಡೋಲೋ ನುಂಗಿ ಮಲಗಿದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಅವನೂ ಶೌಚಕ್ಕೆ ಹೋಗಲೇಬೇಕಲ್ವಾ? ಒಮಿಕ್ರಾನ್ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ರಾಜ್ಯದಲ್ಲೇ. 2021ರ ಡಿಸೆಂಬರ್ 2ರಂದು ಎರಡು ಕೇಸು ಹೇಳಿದರು. ಅದರಲ್ಲಿ ಒಬ್ಬರು ಹೊರದೇಶಕ್ಕೆ ಹೋಗಿಯೇ ಇರಲಿಲ್ಲ. ಅಂದರೆ ಅಷ್ಟರಲ್ಲಾಗಲೇ ಅದು ಊರೊಳಗೆ ತಿರುಗಾಡುತ್ತಿತ್ತು. ಇಂಥ ಕಡೆ ಚರಂಡಿ ಕೆಲಸಕ್ಕೆ ಬರುತ್ತದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹೊಸ ತಳಿಗಳು ಆಸ್ಪತ್ರೆ ಸ್ಯಾಂಪಲ್‌ಗಳಿಗಿಂತ 14 ದಿನದ ತನಕ ಮೊದಲೇ ಚರಂಡಿಯಲ್ಲಿ ಸಿಕ್ಕಿದ್ದವು.

ಇದೇನೂ ಕೊರೊನಾ ಕಾಲದ ಐಡಿಯಾ ಅಲ್ಲ. ಪೋಲಿಯೊಗಾಗಿ ಮುಂಬೈ ಚರಂಡಿ ನೀರನ್ನು 2001ರಿಂದಲೇ ನೋಡುತ್ತಿದ್ದಾರೆ.

ತಳಿ ಹೇಗೆ ಗೊತ್ತಾಗುತ್ತದೆ ಅನ್ನುವುದೇ ಇದರಲ್ಲಿ ಮಜಾ. ಐದಾರು ಮದುವೆ ಕಾರ್ಡುಗಳನ್ನು ಚೂರು ಚೂರು ಹರಿದು ಒಂದೇ ಬಕೆಟ್‌ಗೆ ಹಾಕಿ ಕಲಸಿ. ಈಗ ಕೈಹಾಕಿ ಒಂದೊಂದೇ ಚೂರು ತೆಗೆಯಿರಿ. 'ಸುಖಾಗಮನ ಬಯಸುವ' ಅಂತ ಇದ್ದರೆ ಏನೂ ಪ್ರಯೋಜನ ಇಲ್ಲ, ಅದು ಎಲ್ಲ ಕಾರ್ಡಿನಲ್ಲೂ ಇರುತ್ತದೆ. ಹುಡುಗಿಯ ಹೆಸರೋ ಛತ್ರದ ಹೆಸರೋ ಇರುವ ಚೂರು ಸಿಕ್ಕರೆ ಇದು ಯಾರ ಮದುವೆ ಅಂತ ಗೊತ್ತಾಯಿತು. ಅಂಥ ಚೂರು ಎಷ್ಟೆಷ್ಟು ಸಿಕ್ಕವು ಅಂತ ಎಣಿಸಿದರೆ ಯಾವ ಕಾರ್ಡಿನ ಪಾಲು ಜಾಸ್ತಿ ಅಂತಲೂ ಹೇಳಬಹುದು. ವೈರಸ್ ತಳಿಗಳೂ ಹಾಗೇ. ಮುಕ್ಕಾಲು ಮೂರು ವೀಸ ಒಂದೇ ಥರ, ಕೆಲವೇ ಜಾಗದಲ್ಲಿ ವ್ಯತ್ಯಾಸ. ಆ ಜಾಗಗಳನ್ನು ಸೀಕ್ವೆನ್ಸಿಂಗ್ ಮಾಡಿ, ಅಂದರೆ ಆರ್‌ಎನ್‌ಎ ಅಕ್ಷರಗಳನ್ನು ಒಂದೊಂದಾಗಿ, ಓದುತ್ತಾರೆ. ಪಾಲು ಲೆಕ್ಕ ಹಾಕಲು ಫ್ರೇಯಾ ಅನ್ನುವ ಸಾಫ್ಟ್‌ವೇರ್ ಇದೆ, ಸ್ಯಾನ್ ಡಿಯೇಗೊದ ಕೆಲಸದಿಂದಲೇ ಬಂದದ್ದು. ಆದರೆ ಅದರ ಹತ್ತಿರ ಗೊತ್ತಿರುವ ಕಾರ್ಡುಗಳ ಪಟ್ಟಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಮದುವೆಯ ಚೂರು ಬಂದರೆ, ಇದೇನೋ ಬೇರೆ ಇದೆ ಅಂತ ತಲೆ ಕೆರೆದುಕೊಳ್ಳುವುದೇ ಆಗ.

ಇನ್ನೊಂದು ತಲೆನೋವು: ನೀರು ಎಷ್ಟು ಬೆರೆತಿದೆ? ಜೋರು ಮಳೆ ಬಂದು ಮಳೆನೀರು ಯುಜಿಡಿಗೆ ನುಗ್ಗಿದ ದಿನ ವೈರಸ್ ಕಡಿಮೆ ಕಾಣುತ್ತದೆ. ಕಾಯಿಲೆ ಕಡಿಮೆಯಾಗಿರುವುದಿಲ್ಲ, ಸಾರಿಗೆ ನೀರು ಬಿಟ್ಟಂತೆ ಆಗಿರುತ್ತದೆ, ಅಷ್ಟೇ. ಇದನ್ನು ಸರಿ ಮಾಡಲು ಬಳಸುವ ಅಳತೆಗೋಲು ಏನು ಗೊತ್ತಾ? ಮೆಣಸಿನಕಾಯಿ! ಮೆಣಸಿನ ಗಿಡಕ್ಕೆ ಬರುವ ಪೆಪ್ಪರ್ ಮೈಲ್ಡ್ ಮಾಟಲ್ ಅನ್ನುವ ವೈರಸ್ ಒಂದಿದೆ. ನಾವು ತಿಂದ ಮೆಣಸಿನಕಾಯಿ, ಖಾರದ ಪುಡಿಯ ಜೊತೆ ಹೊಟ್ಟೆಗೆ ಹೋಗಿ, ಕರಗದೆ ಹೊರಗೆ ಬರುತ್ತದೆ. ಅದು ಎಷ್ಟಿದೆ ಅಂತ ನೋಡಿದರೆ ಸ್ಯಾಂಪಲ್ಲಿನಲ್ಲಿ ಮನುಷ್ಯರ ಮಲ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕೇ ಬೇಕು ಅನ್ನುವ ನಮ್ಮ ಊರಿನಲ್ಲಿ ಈ ಅಳತೆಗೋಲಿಗೆ ಬರ ಬರಲಿಕ್ಕಿಲ್ಲ.

ಸ್ಯಾಂಪಲ್ ತೆಗೆಯುವುದು ಸುಮ್ನೆ ಬಾಟಲಿ ಮುಳುಗಿಸುವ ಕೆಲಸ ಅಲ್ಲ. ಒಳ್ಳೆಯ ಪದ್ಧತಿಯಲ್ಲಿ ಮಷಿನ್ ಇಟ್ಟು 24 ಗಂಟೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾರೆ. ಮಷಿನ್ ಇಲ್ಲದಿದ್ದರೆ ಬೆಳಿಗ್ಗೆ ಜನ ಎದ್ದು ಮುಗಿಸಿದ ಹೊತ್ತಿನ ನೀರು ಮೊಗೆಯಬೇಕು. ಐಸಿನಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಒಂದು ಏಪ್ರಿಲ್‌ನಲ್ಲಿ ನಮಗೆ ಬಂದ ಡಬ್ಬದಲ್ಲಿ ಐಸ್ ಪೂರ್ತಿ ಕರಗಿತ್ತು. ವ್ಯಾನಿನವನು ದಾರಿಯಲ್ಲಿ ಊಟಕ್ಕೆ ನಿಂತಿದ್ದನಂತೆ. ನಾವೂ ಬುದ್ಧಿ ಇಲ್ಲದೆ ಟೆಸ್ಟ್ ಮಾಡಿದೆವು, ಏನೂ ಸಿಗಲಿಲ್ಲ. ಮುಂದಿನ ವಾರ ಅದೇ ಜಾಗದಿಂದ ಬಂದ ನೀರಿನಲ್ಲಿ ಧಾರಾಳವಾಗಿ ಸಿಕ್ಕಿತು. ಅವತ್ತಿನಿಂದ 'ಸಿಗಲಿಲ್ಲ' ಅನ್ನುವ ರಿಪೋರ್ಟ್ ನೋಡಿದರೆ ನಾನು ಮೊದಲು ಐಸ್ ಬಗ್ಗೆ ಕೇಳುತ್ತೇನೆ.

ನಮ್ಮ ಊರಿಗೆ ಬೇಕಾ? ನನ್ನನ್ನು ಕೇಳಿದರೆ ಬೇಕು, ಆದರೆ ದುಡ್ಡು ನೋಡಿಕೊಂಡು. ವಾರಕ್ಕೊಮ್ಮೆ ಪಿಸಿಆರ್ ಮಾಡಿ ವೈರಸ್ ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿದರೆ ಸಾಕು. ಏರಿದಾಗ ಮಾತ್ರ ಸೀಕ್ವೆನ್ಸಿಂಗ್‌ಗೆ ಕಳಿಸಲಿ, ಅದು ದುಬಾರಿ. ದುಗ್ಗಮ್ಮನ ಜಾತ್ರೆ ಸಮಯದಲ್ಲಿ ಮಾತ್ರ ತಪ್ಪಿಸಬಾರದು, ಆಗ ಬರುವ ನೆಂಟರಿಗೆ ಲೆಕ್ಕವೇ ಇರುವುದಿಲ್ಲ.

ಈಗ ಆ ಕಥೆ. ಎಸ್‌ಟಿಪಿಗೆ ಬರುವ ಹೊತ್ತಿಗೆ ಸಾವಿರಾರು ಮನೆಗಳ ನೀರು ಬೆರೆತಿರುತ್ತದೆ, ಅಲ್ಲಿ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಆದರೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಲೂ ಕಾಣದ ಒಂದು ವಿಚಿತ್ರ ತಳಿ ಚರಂಡಿಯಲ್ಲಿ ಸಿಕ್ಕಿತು. ಅಲ್ಲಿನ ತಂಡ ಎಸ್‌ಟಿಪಿಯಿಂದ ಹಿಂದಕ್ಕೆ, ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಹುಡುಕುತ್ತಾ ಹೋಗಿ, ಕೊನೆಗೆ ಒಂದೇ ಒಂದು ಕಂಪನಿಯ ಕಟ್ಟಡಕ್ಕೆ ಬಂದು ನಿಂತಿತು. ಒಬ್ಬರಿಗೆ ಸೋಂಕು ತಿಂಗಳುಗಟ್ಟಲೆ ಉಳಿದು ಹಾಗಾಗಿರಬೇಕು ಅಂತ ಅವರ ಊಹೆ. ಆ ಒಬ್ಬರು ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಪೈಪಿನಲ್ಲಿ ಮನೆಗಳ ಕಡೆಗೆ ಎಷ್ಟು ಮೇಲಕ್ಕೆ ಹತ್ತುತ್ತೀರೋ ಗುಟ್ಟು ಅಷ್ಟು ತೆಳ್ಳಗಾಗುತ್ತದೆ. ಹಾಗಾಗಿ ಓಣಿ ಮಟ್ಟಕ್ಕೆ ಹೋಗುವ ಮೊದಲು ಎಲ್ಲಿ ನಿಲ್ಲಬೇಕು ಅಂತ ನಿಯಮ ಬರೆದಿಡಬೇಕು.

ನಮ್ಮ ಮನೆ ವಿಷಯದಲ್ಲಿ ಆ ಭಯವೂ ಇಲ್ಲ. ನಮ್ಮ ಓಣಿಗೆ ಯುಜಿಡಿ ಇನ್ನೂ ಬಂದಿಲ್ಲ, ಎಲ್ಲರದೂ ಗುಂಡಿಯೇ. ತುಂಬಿದಾಗ ಸಕ್ಕಿಂಗ್ ಮಷಿನ್ ಕರೆಸುತ್ತೇವೆ. ನಾಳೆ ಪಾಲಿಕೆಯವರು ಇದನ್ನೆಲ್ಲಾ ಶುರು ಮಾಡಿದರೂ, ಊರಿನಲ್ಲಿ ಇದರ ಬಗ್ಗೆ ಇಷ್ಟು ಮಾತಾಡುವ ನನ್ನದೇ ಸ್ಯಾಂಪಲ್ ಅವರಿಗೆ ಸಿಗುವುದಿಲ್ಲ.